ಗಡಿಗೆಯೋ, ಬಾಟಲಿಯೋ, ಡ್ರಿಪ್ಪೋ? ಎರಡು ಬೇಸಿಗೆ ನೋಡಿ ಹೇಳುತ್ತಿದ್ದೇನೆ

ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ನಮ್ಮ ಹಿತ್ತಲಿನ ಬದನೆ, ಟೊಮೆಟೊ ಗಿಡಗಳು ಹನ್ನೊಂದು ಗಂಟೆಗೇ ಎಲೆ ಜೋಲು ಬಿಡುತ್ತವೆ. ಬೋರಿನಲ್ಲಿ ನೀರು ಅಷ್ಟಕ್ಕಷ್ಟೆ. ಹಾಗಾಗಿ ಒಂದೇ ಪಾತಿಯಲ್ಲಿ ನಾಲ್ಕು ನಾಲ್ಕು ಗಿಡಕ್ಕೆ ನೀರುಣಿಸುವ ಒಂದೊಂದು ವಿಧಾನ ಹಚ್ಚಿ ನೋಡಿದೆ.

ತಲೆಕೆಳಗು ಮಾಡಿ ನೆಟ್ಟ ಬಾಟಲಿಯ ಮಾತು ಬೇಗ ಮುಗಿಯುತ್ತದೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ್ದೆ. ಒಂದು ಬಾಟಲಿ ಎರಡು ಗಂಟೆಯಲ್ಲಿ ಖಾಲಿ. ಪಕ್ಕದ್ದರ ತೂತಿಗೆ ಮಣ್ಣು ಮೆತ್ತಿಕೊಂಡು ಸಂಜೆಯಾದರೂ ಹನಿ ಇಳಿಯಲಿಲ್ಲ. ಮಧ್ಯಾಹ್ನ ಒಳಗಿನ ನೀರು ಮುಟ್ಟಿದರೆ ಕಾದ ನೀರು. ಬಿಟ್ಟೆ.

ಡ್ರಿಪ್ ಕೆಟ್ಟದ್ದಲ್ಲ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಹಾಕಿ, ಟೈಮರ್ ಕಟ್ಟಿ, ನಾಲ್ಕು ದಿನ ಊರಿಗೆ ಹೋಗಿ ಬಂದೆ, ಗಿಡ ನಗುತ್ತಿತ್ತು. ಆದರೆ ನಮ್ಮದು ಗಡಸು ನೀರು. ಎರಡು ತಿಂಗಳಿಗೆ ಸುಣ್ಣ ಕಟ್ಟಿ ಪೈಪಿನ ತುದಿಯ ಡ್ರಿಪ್ಪರ್‌ಗಳು ನಿಂತವು. ಮೇಲಿಂದ ಅಳಿಲಿನ ಕಾಟ, ಪೈಪು ಎರಡು ಕಡೆ ಕಡಿದಿತ್ತು.

ಗಡಿಗೆ ಮಾತ್ರ ನನ್ನ ಮನಸ್ಸು ಗೆದ್ದಿತು. ಬಣ್ಣ ಬಳಿಯದ 5 ಲೀಟರಿನ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಗೇಣಿನ ದೂರದಲ್ಲಿ ಗಿಡ ನೆಟ್ಟೆ. ಬಾಯಿಗೆ ಮುಚ್ಚಳ ಬೇಕೇ ಬೇಕು, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಮಣ್ಣು ಒಣಗಿದಷ್ಟೂ ಗಡಿಗೆಯ ಮೈಯಿಂದ ನೀರು ಎಳೆದುಕೊಳ್ಳುತ್ತದೆ. ತೇವ ಸಾಕಾದಾಗ ಜಿನುಗುವುದು ತಾನೇ ತಗ್ಗುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ನಡೆಯಿತು. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ಜೂನ್‌ನಲ್ಲಿ ಒಂದನ್ನು ಅಗೆದು ತೆಗೆದಾಗ ಬದನೆಯ ಬಿಳಿ ಬೇರುಗಳು ಗಡಿಗೆಯನ್ನು ಜಾಳಿಗೆಯ ಹಾಗೆ ಸುತ್ತಿಕೊಂಡಿದ್ದವು. ಅಮ್ಮನನ್ನು ಕರೆದು ತೋರಿಸಿದೆ, ಅಷ್ಟು ಖುಷಿಯಾಗಿತ್ತು.

ಸುಣ್ಣದ ಬಾಧೆ ಗಡಿಗೆಗೂ ಇದೆ. ಹೊರಮೈ ಬೆಳ್ಳಗಾಗಿ ಜಿನುಗು ನಿಧಾನವಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಈಗಷ್ಟೇ ಬಿತ್ತಿದ ಮೆಂತ್ಯ, ಕೊತ್ತಂಬರಿಗೆ ಇದು ಆಗದು, ಬೀಜ ಮೇಲ್ಮಣ್ಣಿನಲ್ಲೇ ಇರುತ್ತದಲ್ಲ. ಅವಕ್ಕೆ ಕೈಯಿಂದಲೇ ಚಿಮುಕಿಸಿ. ಕುಂಡದ ಮಲ್ಲಿಗೆಗೆ ಗಡಿಗೆ ಹೂಳಲು ಜಾಗವಿಲ್ಲ, ಅಲ್ಲಿ ಡ್ರಿಪ್ಪೇ ಸರಿ.

ಯಾವುದನ್ನು ಹಚ್ಚಿದರೂ ಮೇಲೆ ಮೂರು ಬೆರಳು ದಪ್ಪ ಭತ್ತದ ಹುಲ್ಲೋ ತರಗೆಲೆಯೋ ಹೊದಿಸಿ, ಕಾಂಡಕ್ಕೆ ತಾಗದಂತೆ. ಹೊದಿಸದ ಪಾತಿಯ ಗಡಿಗೆ ಎರಡನೆಯ ದಿನವೇ ಬರಿದಾಗುತ್ತಿತ್ತು. ಈ ಸಲ ಯುಗಾದಿಗೆ ಮೊದಲೇ ಕುಂಬಾರರಿಗೆ ಇನ್ನೂ ಆರು ಗಡಿಗೆ ಹೇಳಿದ್ದೇನೆ.