ಮೋಷನ್ ಕಂಟ್ರೋಲರ್‌ಗಳು: ವೀ ಇಂದ ಪಿಎಸ್5 ತನಕ ಆಡಿದ ಮೇಲೆ ನಂಗನ್ಸಿದ್ದು

ನಿಂಟೆಂಡೋ ವೀ ಕಾಲದಿಂದ ಈಗಿನ ಸ್ವಿಚ್, ಪಿಎಸ್5 ತನಕ ಗೇಮ್ ಕನ್ಸೋಲ್‌ಗಳಲ್ಲಿ ಮೋಷನ್ ಕಂಟ್ರೋಲರ್, ಅಂದ್ರೆ ಕೈ ಚಲನೆ ಗುರುತಿಸೋ ಕಂಟ್ರೋಲರ್ ಹಿಡ್ಕೊಂಡೇ ಆಡ್ತಾ ಬಂದಿದೀನಿ, ಎಕ್ಸ್‌ಬಾಕ್ಸ್ ಕೂಡ ಮನೇಲಿದೆ, ಹಾಗಾಗಿ ಯಾವ ಕಂಪನಿ ಪರನೂ ವಾದ ಮಾಡೋ ದರ್ದು ನಂಗಿಲ್ಲ. ಇಷ್ಟು ವರ್ಷ ಆಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ: ಇಡೀ ತೋಳು ಬೀಸಿ ಆಡೋ ಆಟಗಳು ಶುರುನಲ್ಲಿ ಭಾರಿ ಮಜಾ ಕೊಡ್ತವೆ, ಆಮೇಲೆ ಕಪಾಟು ಸೇರ್ತವೆ. ಆದ್ರೆ ಪ್ಯಾಡ್ (ಕೈಲಿ ಹಿಡಿಯೋ ಕಂಟ್ರೋಲರ್) ಒಳಗಡೆ ಕೂತು ಅದು ಎಷ್ಟು ತಿರುಗ್ತು ಅಂತ ಅಳೆಯೋ ಆ ಪುಟ್ಟ ಜೈರೋ ಸೆನ್ಸರ್ ಇದ್ಯಲ್ಲ, ಮಣಿಕಟ್ಟು ಚೂರು ತಿರುಗಿಸಿ ಗುರಿ ಇಡೋದು, ಅದು ಒಂದ್ಸಲ ಕೈಗೆ ಹತ್ತಿದ್ರೆ ಬಿಡೋಕೇ ಆಗಲ್ಲ. ಬೇಜಾರಿನ ವಿಷ್ಯ ಅಂದ್ರೆ ಅದು ಎಲ್ಲಾ ಕನ್ಸೋಲ್‌ನಲ್ಲೂ ಇಲ್ಲ, ಅದ್ರ ಪೆಟ್ಟು ಇರೋರ ಮೇಲೂ ಬೀಳ್ತಿದೆ.

2006ರಲ್ಲಿ ವೀ ಬಂದಾಗ ಅದ್ರ ರಿಮೋಟ್‌ನಲ್ಲಿ ಇದ್ದಿದ್ದು ಒಂದು ಆಕ್ಸೆಲೆರೋಮೀಟರ್ ಮತ್ತೆ ಮೂತೀಲೊಂದು ಇನ್‌ಫ್ರಾರೆಡ್ ಕ್ಯಾಮೆರಾ. ಟಿವಿ ಹತ್ರ ಇಡೋ ಬಾರ್‌ನಲ್ಲಿ ಬರೀ ಇನ್‌ಫ್ರಾರೆಡ್ ದೀಪಗಳು, ಅದನ್ನ ನೋಡಿ ರಿಮೋಟೇ ತಾನು ಎಲ್ಲಿಗೆ ತೋರಿಸ್ತಿದೀನಿ ಅಂತ ಲೆಕ್ಕ ಹಾಕ್ತಿತ್ತು. ಆಕ್ಸೆಲೆರೋಮೀಟರ್‌ಗೆ ಎಷ್ಟು ಜೋರಾಗಿ ಬೀಸಿದ್ರಿ ಅನ್ನೋದು ಗೊತ್ತಾಗತ್ತೆ, ಕೈ ನಿಜವಾಗ್ಲೂ ಹೇಗೆ ತಿರುಗ್ತು ಅನ್ನೋದು ಸರಿಯಾಗಿ ಗೊತ್ತಾಗಲ್ಲ, ಅದಕ್ಕೇ ವೀ ಸ್ಪೋರ್ಟ್ಸ್ ಟೆನಿಸ್‌ನಲ್ಲಿ ಎದ್ದು ನಿಂತು ತೋಳು ಬೀಸಿದ್ರೂ ಒಂದೇ, ಸೋಫಾ ಮೇಲೆ ಕೂತು ಮಣಿಕಟ್ಟು ಝಾಡಿಸಿದ್ರೂ ಒಂದೇ. ಆ ಕೊರತೆ ತುಂಬೋಕೆ 2009ರಲ್ಲಿ ಜೈರೋ ಇರೋ ಮೋಷನ್ ಪ್ಲಸ್ ಬಂತು, 2011ರ ಜೆಲ್ಡಾ ಸ್ಕೈವರ್ಡ್ ಸೋರ್ಡ್ ಅದಿಲ್ದೆ ಆಡೋಕೇ ಆಗ್ತಿರ್ಲಿಲ್ಲ. ಅದ್ರಲ್ಲಿ ಬಾಯಿ ತೆರೆಯೋ ಒಂದು ಗಿಡ ಬರತ್ತೆ, ಬಾಯಿ ಅಡ್ಡಕ್ಕೆ ತೆರೆದ್ರೆ ಅಡ್ಡ ಬೀಸ್ಬೇಕು, ಉದ್ದಕ್ಕೆ ತೆರೆದ್ರೆ ಮೇಲಿಂದ ಕೆಳಗೆ ಬೀಸ್ಬೇಕು, ಸುಮ್ನೆ ಹೆಂಗೆಂಗೋ ಬೀಸಿದ್ರೆ ಕತ್ತಿ ನಾಟಲ್ಲ. ಕೈ ಚಲನೆಗೆ ಒಂದು ಅರ್ಥ ಇರೋ ಹಾಗೆ ಆಟ ಕಟ್ಟೋದು ಅಂದ್ರೆ ಇದೇ, ಬಟನ್ ಒತ್ತೋ ಬದಲು ರಿಮೋಟ್ ಅಲ್ಲಾಡಿಸಿ ಅನ್ನೋ ನೂರಾರು ಆಟಗಳಲ್ಲಿ ಇದು ಇರ್ಲೇ ಇಲ್ಲ.

ಉಳಿದ ಕಂಪನಿಗಳೂ ಸುಮ್ನಿರ್ಲಿಲ್ಲ. ಸೋನಿ ಪಿಎಸ್3 ಜೊತೆ ಸಿಕ್ಸ್‌ಆಕ್ಸಿಸ್ ಅನ್ನೋ ಮೋಷನ್ ಪ್ಯಾಡ್ ಕೊಡ್ತು, 2007ರ ಲೇರ್ ಅನ್ನೋ ಡ್ರ್ಯಾಗನ್ ಆಟದಲ್ಲಿ ಪ್ಯಾಡ್ ವಾಲಿಸಿಯೇ ಹಾರ್ಬೇಕಿತ್ತು, ಜನ ಬೈದು ಬೈದು ಮುಂದಿನ ವರ್ಷ ಅಪ್‌ಡೇಟ್‌ನಲ್ಲಿ ಹೆಬ್ಬೆರಳಲ್ಲಿ ತಳ್ಳೋ ಸ್ಟಿಕ್ ಆಪ್ಷನ್ ಬಂತು. 2010ರಲ್ಲಿ ಸೋನಿ ತಂದ ಮೂವ್ ಅನ್ನೋ ಕಂಟ್ರೋಲರ್ ತಾಂತ್ರಿಕವಾಗಿ ತುಂಬಾ ಚೆನ್ನಾಗಿತ್ತು, ತುದೀಲಿ ಹೊಳೆಯೋ ಚೆಂಡು ಕ್ಯಾಮೆರಾಗೆ ಎಷ್ಟು ದೊಡ್ಡದಾಗಿ ಕಾಣತ್ತೆ ಅನ್ನೋದ್ರಿಂದ ಕೈ ಎಷ್ಟು ದೂರ ಇದೆ ಅಂತ ಗೊತ್ತಾಗ್ತಿತ್ತು, ಆದ್ರೆ ಅದಕ್ಕೇ ಅಂತ ಮಾಡಿದ ಒಳ್ಳೆ ಆಟಗಳು ಕಮ್ಮಿ. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ಗೆ ಕೈನೆಕ್ಟ್ ತಂತು, ಇಡೀ ಮೈ ಚಲನೆ ನೋಡೋ ಕ್ಯಾಮೆರಾ ಅದು, ಮೊದಲ 60 ದಿನದಲ್ಲೇ 80 ಲಕ್ಷ ಹೋಯ್ತು. ಡ್ಯಾನ್ಸ್ ಆಟಗಳಿಗೆ ಅದಕ್ಕಿಂತ ಚೆನ್ನಾಗಿರೋದು ನಾನು ನೋಡಿಲ್ಲ. ಆದ್ರೆ ಕೈಯಲ್ಲಿ ಏನೂ ಇಲ್ದೆ ಆಟದೊಳಗೆ ನಡೆಯೋದು ಹೇಗೆ, ಹಿಂದೆ ತಿರುಗೋದು ಹೇಗೆ ಅನ್ನೋ ಪ್ರಶ್ನೆಗೆ ಯಾರಿಗೂ ಸರಿಯಾದ ಉತ್ತರ ಸಿಗ್ಲಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯವಾಗಿ ಕೈನೆಕ್ಟ್ ಕೊಟ್ಟು ಪಿಎಸ್4ಗಿಂತ 100 ಡಾಲರ್ ಜಾಸ್ತಿ ಇಟ್ರು, ಮುಂದಿನ ವರ್ಷವೇ ಅದನ್ನ ತೆಗೆದು ಬೆಲೆ ಇಳಿಸಿದ್ರು, 2017ರಲ್ಲಿ ತಯಾರಿಕೆಯೇ ನಿಂತೋಯ್ತು.

ಈಗ ಜೈರೋ ಏಮಿಂಗ್‌ಗೆ, ಅಂದ್ರೆ ಜೈರೋದಿಂದ ಗುರಿ ಇಡೋದಕ್ಕೆ ಬರ್ತೀನಿ, ಯಾಕಂದ್ರೆ ನಾನು ದಿನಾ ಬಳಸೋದು ಅದನ್ನೇ. ಬಲಗಡೆ ಸ್ಟಿಕ್ ಹೇಳೋದು ಎಷ್ಟು ಸ್ಪೀಡಲ್ಲಿ ತಿರುಗ್ಬೇಕು ಅಂತ, ಹಾಗಾಗಿ ಸರಿಯಾದ ಜಾಗಕ್ಕೆ ಬಂದಾಗ ಸ್ಟಿಕ್ ಬಿಡೋ ಟೈಮಿಂಗ್ ಮೇಲೆ ಎಲ್ಲಾ ನಿಂತಿರತ್ತೆ. ಜೈರೋದಲ್ಲಿ ಹಾಗಲ್ಲ, ಕೈ ಎಷ್ಟು ತಿರುಗ್ತೋ ಗುರಿ ಅಷ್ಟೇ ಸರಿಯತ್ತೆ, ಕೈ ನಿಂತ ಕಡೆ ಅದೂ ನಿಲ್ಲತ್ತೆ, ಮೌಸ್ ಥರನೇ. ಬ್ರೆತ್ ಆಫ್ ದಿ ವೈಲ್ಡ್ ಅನ್ನೋ ಇನ್ನೊಂದು ಜೆಲ್ಡಾ ಆಟದಲ್ಲಿ ಬಿಲ್ಲು ಎಳೆದಾಗ ನೋಡಿ: ಸ್ಟಿಕ್‌ನಿಂದ ಶತ್ರು ಕಡೆ ತಿರುಗಿ, ಬಾಣ ಎಳೆದು ಹಿಡಿದು, ತಲೆ ಮೇಲೆ ಗುರಿ ಕೂರಿಸೋ ಕೊನೇ ಚೂರನ್ನ ಮಣಿಕಟ್ಟಿಗೆ ಬಿಡೋದು. ಆ ಕೊನೇ ಚೂರು ಸ್ಟಿಕ್‌ನಲ್ಲಿ ಮಾಡೋಕೆ ಹೋದ್ರೆ ಆಕಡೆ ಒಂದ್ಸಲ ಈಕಡೆ ಒಂದ್ಸಲ ಅಂತ ಒದ್ದಾಡ್ಬೇಕು. ಸ್ಪ್ಲಾಟೂನ್ ಅಂತೂ 2015ರಿಂದಲೂ ಇದನ್ನೇ ನಂಬ್ಕೊಂಡಿರೋ ಶೂಟರ್ (ಗುಂಡು ಹೊಡೆಯೋ ಥರದ ಆಟ), ಅದ್ರಲ್ಲಿ ಜೈರೋ ಆಫ್ ಮಾಡಿ ಆಡೋದು ನಂಗೆ ಊಹೆ ಮಾಡೋಕೂ ಆಗಲ್ಲ.

ನಂಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲಿ. ಪಿಎಸ್4 ಪ್ಯಾಡ್‌ನಲ್ಲಿ 2013ರಿಂದಲೇ ಜೈರೋ ಇದೆ, ಸ್ವಿಚ್‌ನಲ್ಲಿ ಇದೆ, ಕೈಲಿ ಹಿಡಿದಾಡೋ ಸ್ಟೀಮ್ ಡೆಕ್‌ನಲ್ಲೂ ಇದೆ. ಆದ್ರೆ ಎಕ್ಸ್‌ಬಾಕ್ಸ್ 360, ಒನ್, ಸೀರೀಸ್ ಎಕ್ಸ್ ಮೂರರ ಜೊತೆ ಬಂದ ಪ್ಯಾಡ್‌ನಲ್ಲೂ ಇಲ್ಲ. ಎಲ್ಲಾ ಕನ್ಸೋಲ್‌ಗೂ ಬರೋ ಶೂಟರ್ ಮಾಡೋರು ಎಲ್ರ ಹತ್ರ ಇರೋ ಸ್ಟಿಕ್ ನೋಡ್ಕೊಂಡೇ ಆಟ ಕಟ್ತಾರೆ, ಗುರಿ ಇಡೋಕೆ ಆಟವೇ ಕೊಡೋ ಸಹಾಯ, ಅಂದ್ರೆ ಏಮ್ ಅಸಿಸ್ಟ್ ಕೂಡ ಸ್ಟಿಕ್ ಲೆಕ್ಕದಲ್ಲೇ ಕೂರಿಸ್ತಾರೆ, ಜೈರೋ ಅನ್ನೋದು ಟೈಮ್ ಉಳಿದ್ರೆ ಹಾಕೋ ಕೆಲಸ ಆಗೋಗತ್ತೆ. 2016ರ ಡೂಮ್ ಅನ್ನೋ ಶೂಟರ್‌ನ ಸ್ವಿಚ್‌ನಲ್ಲಿ ಜೈರೋ ಹಾಕಿ ಆಡ್ಬಹುದು, ಅದೇ ಡೂಮ್ ಪಿಎಸ್4ನಲ್ಲಿ ಆಡೋಕೆ ಕೂತ್ರೆ ಕೈಯಲ್ಲಿ ಸೆನ್ಸರ್ ಇದ್ರೂ ಆಪ್ಷನ್ ಇಲ್ಲ! ಸೋನಿ ತನಗೇ ಅಂತ ಮಾಡಿಸಿದ ಹೊರೈಜನ್ ಫರ್ಬಿಡನ್ ವೆಸ್ಟ್, ಗಾಡ್ ಆಫ್ ವಾರ್ ರಾಗ್ನರಾಕ್ ಎರಡ್ರಲ್ಲೂ ಜೈರೋ ಇದೆ ಅನ್ನೋದು ನೋಡಿದ್ರೆ ಮನಸ್ಸು ಮಾಡಿದ್ರೆ ಆಗತ್ತೆ ಅಂತಾಯ್ತು. 2022ರಲ್ಲಿ ಫೋರ್ಟ್‌ನೈಟ್‌ಗೂ ಒಳ್ಳೆ ಜೈರೋ ಬಂತು, ಜೊತೆಗೆ ಫ್ಲಿಕ್ ಸ್ಟಿಕ್ ಕೂಡ, ಅಂದ್ರೆ ಸ್ಟಿಕ್ ಯಾವ ಕಡೆ ದಬ್ಬಿದ್ರೆ ಆ ಕಡೆಗೆ ಟಕ್ ಅಂತ ಮುಖ ತಿರುಗತ್ತೆ, ಸೂಕ್ಷ್ಮದ ಗುರಿ ಎಲ್ಲಾ ಜೈರೋದ್ದು. ಇಷ್ಟು ದೊಡ್ಡ ಆಟ ಮಾಡಿ ತೋರಿಸಿದ ಮೇಲೂ ಉಳಿದವರು ಹಿಂದೆ ಸರಿಯೋದು ಯಾಕೆ?

ದೋಷ ಇಲ್ಲ ಅಂತಲ್ಲ. ಮೇಲೆ ಕೆಳಗೆ ವಾಲಿದ್ದನ್ನ ಗುರುತ್ವದ ದಿಕ್ಕು ನೋಡಿ ಸೆನ್ಸರ್ ತಾನೇ ಸರಿ ಮಾಡ್ಕೊಳ್ಳತ್ತೆ, ಎಡ ಬಲಕ್ಕೆ ಆ ಆಧಾರ ಇಲ್ಲ, ಹಾಗಾಗಿ ಆಡ್ತಾ ಆಡ್ತಾ ಗುರಿಯ ನಡುಬಿಂದು ಪಕ್ಕಕ್ಕೆ ಜಾರ್ತಾ ಹೋಗತ್ತೆ, ಆಗಾಗ ಬಟನ್ ಒತ್ತಿ ರೀಸೆಟ್ ಮಾಡ್ಬೇಕು. ಸ್ಕೈವರ್ಡ್ ಸೋರ್ಡ್ ಸ್ವಿಚ್‌ಗೆ ಬಂದ್ಮೇಲೆ ನಾನು ಆ ಬಟನ್ ಒತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಹೊಸದಾಗಿ ಶುರು ಮಾಡೋರು ಗುರಿ ಬಟನ್ ಹಿಡಿದಾಗ ಮಾತ್ರ ಜೈರೋ ಆನ್ ಆಗೋ ಹಾಗೆ ಇಟ್ಕೊಳ್ಳಿ, ಸೆನ್ಸಿಟಿವಿಟಿ ಕಮ್ಮಿಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ, ಮೊದಲ ದಿನ ಸರಿ ಹೋಗ್ಲಿಲ್ಲ ಅಂತ ಆಫ್ ಮಾಡ್ಬೇಡಿ. ಪ್ಯಾಡ್ ಬದಲಾಯಿಸಿದಾಗ ಸಮತಟ್ಟಾದ ಟೇಬಲ್ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡೋದು ಮರೀಬೇಡಿ.

ಇನ್ನೊಂದು, ಕೈ ಅಲ್ಲಾಡಿಸೋಕೆ ಆಗದೇ ಇರೋರೂ ಆಟ ಆಡ್ತಾರೆ. ಮಣಿಕಟ್ಟು ನೋವಿರೋರು, ಒಂದೇ ಕೈ ಬಳಸೋರು, ಕಂಟ್ರೋಲರ್ ಮಡಿಲಲ್ಲಿಟ್ಟೇ ಆಡ್ಬೇಕಾದೋರು ಇದಾರೆ. ಸ್ಕೈವರ್ಡ್ ಸೋರ್ಡ್ 2021ರ ಆವೃತ್ತೀಲಿ ಬೀಸೋ ಬದಲು ಬಲಗಡೆ ಸ್ಟಿಕ್ ದಬ್ಬಿ ಕತ್ತಿ ಆಡಿಸೋ ಆಪ್ಷನ್ ಕೊಟ್ರು, ಬೀಸೋಕೆ ಇಷ್ಟಪಡೋ ನಂಗೆ ಅದ್ರಿಂದ ಏನೂ ಕಮ್ಮಿ ಆಗ್ಲಿಲ್ಲ. ಜೈರೋ ಎಲ್ಲಾ ಪ್ಯಾಡ್‌ನಲ್ಲೂ ಇರ್ಲಿ, ಎಲ್ಲಾ ಆಟದಲ್ಲೂ ಅದನ್ನ ಆಫ್ ಮಾಡೋ ಸೆಟ್ಟಿಂಗ್ಸೂ ಇರ್ಲಿ.