ಸರ್ವರ್ ತಗೊಳ್ಳೋರು ದಯವಿಟ್ಟು ಓದಿ: ಬಿಲ್‌ನಲ್ಲಿ ಡಿಸ್ಕಿನ ಮಾಡೆಲ್ ನಂಬರ್ ಇಲ್ಲದಿದ್ದರೆ ದುಡ್ಡು ಕೊಡಬೇಡಿ

ಇದನ್ನು ಬರೆಯೋಕೆ ಮೂರು ವಾರ ತಡ ಮಾಡಿದ್ದು ನಾಚಿಕೆಯಿಂದ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ, ಒಂದು ಹಾರ್ಡ್ ಡಿಸ್ಕಿನ ಲೇಬಲ್ ಓದದೆ ಮೋಸ ಹೋದೆ ಅಂತ ಯಾರ ಹತ್ತಿರ ಹೇಳಲಿ? ಆದರೆ ಮೊನ್ನೆ ಮಂಡ್ಯದ ಗೆಳೆಯನೊಬ್ಬ ಫೋನ್ ಮಾಡಿ, ನನಗೆ ಮೋಸ ಮಾಡಿದ ಅಂಗಡಿಯಿಂದಲೇ ಸರ್ವರ್‌ಗೆ ಕೊಟೇಶನ್ ತಗೊಂಡಿದೀನಿ ಅಂದ. ಇನ್ನು ಸುಮ್ಮನಿರೋಕೆ ಆಗಲ್ಲ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಸಿಸ್ಟಮ್ ನೋಡಿಕೊಳ್ಳೋನು ನಾನು. 140 ಮೇಲ್‌ಬಾಕ್ಸ್. ನಮ್ಮ ಯಜಮಾನರಿಗೆ ಮೇಲ್ ಹೊರಗಿಡೋದು ಇಷ್ಟ ಇಲ್ಲ, ಹಾಗಾಗಿ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಅನ್ನೋ ಮೇಲ್ ಸಾಫ್ಟ್‌ವೇರ್ ಹಾಕಿ ನಾವೇ ನಡೆಸ್ತೀವಿ. ಹಳೇ ಸರ್ವರ್‌ಗೆ ವಯಸ್ಸಾಗಿತ್ತು. ದಸರಾಗೆ ಮುಂಚೆ ಹೊಸದು ಬರಬೇಕು, ಆಯುಧಪೂಜೆ ದಿನ ಪೂಜೆ ಆಗಬೇಕು ಅಂತ ಯಜಮಾನರು ಹಠ ಹಿಡಿದಿದ್ದರು. ಊರಿನಲ್ಲೇ ಇರೋ ಒಂದು ಅಂಗಡಿಯವರು ಕೊಟೇಶನ್ ಕೊಟ್ಟರು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಎಂಟರ್‌ಪ್ರೈಸ್ ಹಾರ್ಡ್ ಡಿಸ್ಕ್ 4 ಟಿಬಿ, 7200 ಆರ್‌ಪಿಎಂ, 4 ನಂಬರ್". ಅಂದರೆ ಹಗಲೂ ರಾತ್ರಿ ಓಡೋ ಸರ್ವರ್‌ಗೆಂದೇ ಮಾಡಿದ, ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕ್. ಒಂದಕ್ಕೆ 14,500 ರೂಪಾಯಿ. ಅರ್ಧ ಅಡ್ವಾನ್ಸ್ ಕೊಟ್ಟೆವು.

ಮೆಷಿನ್ ಬಂತು. ಡಿಸ್ಕುಗಳನ್ನು ಅಂಗಡಿಯಲ್ಲೇ ಟ್ರೇಗೆ ಕೂರಿಸಿ, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯೋ ಹಾಗೆ ಡಿಸ್ಕುಗಳನ್ನು ಜೋಡಿಸೋದು) ಕಟ್ಟಿ ತಂದಿದ್ದರು. ಡಬ್ಬ ಕೇಳಿದೆ. "ನಿಮಗೆ ಟೈಮ್ ಉಳೀಲಿ ಅಂತ ನಾವೇ ಎಲ್ಲ ಫಿಟ್ ಮಾಡಿದೀವಿ ಸಾರ್, ಡಬ್ಬ ಯಾಕೆ?" ಅಂದ ಹುಡುಗ. ನನ್ನ ಮುಂದೆಯೇ ಒಂದು ದೊಡ್ಡ ಫೈಲ್ ಕಾಪಿ ಮಾಡಿ ತೋರಿಸಿದ. "ನೋಡಿ ಸಾರ್, ಹೆಂಗೆ ಓಡ್ತಾ ಇದೆ!" ಓಡ್ತಾನೇ ಇತ್ತು. ನಾನು ತಲೆ ಆಡಿಸಿ ಸೈನ್ ಹಾಕಿದೆ. ಆ ಸೈನ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ದೀಪಾವಳಿ ಹೊತ್ತಿಗೆ ದೂರು ಶುರು. ಬೆಳಿಗ್ಗೆ ಹತ್ತಾದರೆ ಇನ್‌ಬಾಕ್ಸ್ ತೆರೆಯಲ್ಲ. ಕ್ಯೂನಲ್ಲಿ ಮೇಲ್ ನಿಂತಿರುತ್ತೆ. ರಾತ್ರಿ ಬ್ಯಾಕಪ್ ಬೆಳಿಗ್ಗೆ ಆದರೂ ಮುಗಿಯಲ್ಲ. "ಹಳೇದೇ ವಾಸಿ ಇತ್ತಲ್ಲಪ್ಪಾ" ಅಂದರು ಯಜಮಾನರು, ಎಲ್ಲರ ಎದುರಿಗೆ. ಅಂಗಡಿಗೆ ಫೋನ್ ಮಾಡಿದರೆ, "ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಂ ಸಾರ್, ಹಾರ್ಡ್‌ವೇರ್ ಪಕ್ಕಾ ಇದೆ." ನಾನು ಅದನ್ನೇ ನಂಬಿ ಎರಡು ತಿಂಗಳು ಡವ್‌ಕಾಟ್ ಸೆಟ್ಟಿಂಗ್ ತಿದ್ದುತ್ತಾ ಕೂತೆ. ಎರಡು ತಿಂಗಳು!

ಸಂಕ್ರಾಂತಿ ಆದ ಮೂರನೇ ದಿನ ಒಂದು ಡಿಸ್ಕ್ ರೇಡ್‌ನಿಂದ ಆಚೆ ಬಿತ್ತು. ರೀಬಿಲ್ಡ್‌ಗೆ (ಉಳಿದ ಡಿಸ್ಕುಗಳಿಂದ ಅದರ ಡೇಟಾ ಮತ್ತೆ ಕಟ್ಟೋದಕ್ಕೆ) ಹಾಕಿದೆ. ಒಂದು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಎರಡನೇ ದಿನ ರಾತ್ರಿ ನೋಡಿದರೆ ಇನ್ನೂ 31 ಪರ್ಸೆಂಟ್. ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಹೋಯ್ತು. ರೇಡ್ 5ರಲ್ಲಿ ಎರಡನೇದೂ ಹೋದರೆ ಡೇಟಾ ಹೋಯ್ತು ಅಂತಲೇ ಲೆಕ್ಕ.

ಟ್ರೇ ಎಳೆದು ಮೊಬೈಲ್ ಟಾರ್ಚ್ ಹಾಕಿ ಲೇಬಲ್ ನೋಡಿದೆ. ಮಾಡೆಲ್ ನಂಬರ್ ಹುಡುಕಿದೆ. ಡೆಸ್ಕ್‌ಟಾಪ್ ಡಿಸ್ಕ್. 5400 ಆರ್‌ಪಿಎಂ. ಎಸ್‌ಎಂಆರ್. ಆ ಸರ್ವರ್ ರೂಮಿನ ತಣ್ಣಗಿನ ಗಾಳಿಯಲ್ಲೂ ಬೆವರು ಬಂತು. ಡಿಸ್ಕುಗಳನ್ನು ನಡೆಸೋ ರೇಡ್ ಕಾರ್ಡಿನ ಸ್ಕ್ರೀನಿನಲ್ಲೂ ಈ ಮಾಡೆಲ್ ನಂಬರ್ ದಿನಾ ಕಾಣ್ತಾ ಇತ್ತು. ನಾನು ಪಕ್ಕದ "ಆಪ್ಟಿಮಲ್" (ಎಲ್ಲ ಸರಿ ಇದೆ) ಅನ್ನೋ ಪದ ಮಾತ್ರ ನೋಡಿದ್ದೆ.

ಎಸ್‌ಎಂಆರ್ ಗೊತ್ತಿಲ್ಲದವರಿಗೆ: ಹೆಂಚಿನ ಮನೆ ನೆನೆಸಿಕೊಳ್ಳಿ. ಒಂದರ ಮೇಲೊಂದು ಹೊದಿಸಿದ ಹೆಂಚಿನಲ್ಲಿ ಕೆಳಗಿನದನ್ನು ಬದಲಾಯಿಸಬೇಕಾದರೆ ಮೇಲಿನವನ್ನು ಎತ್ತಲೇಬೇಕು. ಈ ಡಿಸ್ಕಿನಲ್ಲಿ ಟ್ರ್ಯಾಕುಗಳು (ಡೇಟಾ ಬರೆಯೋ ಸಾಲುಗಳು) ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದು ಕಡೆ ತಿದ್ದಿದರೆ ಪಕ್ಕದ್ದನ್ನೂ ಮತ್ತೆ ಬರೀಬೇಕು. ಮೊದಲಿಗೆ ಒಂದಷ್ಟು ಬರಹವನ್ನು ಬೇರೆ ಜಾಗದಲ್ಲಿ ಬೇಗ ತಗೊಂಡು ಇಟ್ಟುಕೊಳ್ಳುತ್ತೆ. ಆ ಹುಡುಗ ಕಾಪಿ ಮಾಡಿ ತೋರಿಸಿದಾಗ ಓಡಿದ್ದು ಅದಕ್ಕೇ. ಆ ಜಾಗ ತುಂಬಿದ ಮೇಲೆ ಕಥೆ ಮುಗೀತು. ನಾವು ಮೇಲ್ ಇಡೋ ಮೇಲ್‌ಡಿರ್ ಅನ್ನೋ ವಿಧಾನದಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್, ಸಣ್ಣ ಸಣ್ಣ ಬರಹ, ದಿನವಿಡೀ, ಎಲ್ಲೆಲ್ಲೋ. ಜೊತೆಗೆ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಸಲ ಡಿಸ್ಕ್ ಮುಟ್ಟಬೇಕು, ಎರಡು ಓದು, ಎರಡು ಬರಹ. ಸಾಲದ್ದಕ್ಕೆ, ಡೆಸ್ಕ್‌ಟಾಪ್ ಡಿಸ್ಕಿಗೆ ಒಂದು ಕೆಟ್ಟ ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಂಡು) ಸಿಕ್ಕರೆ ಬಹಳ ಹೊತ್ತು ಅದನ್ನೇ ತಡಕಾಡ್ತಾ ಕೂರುತ್ತೆ, ಕಾರ್ಡು ಇದು ಸತ್ತಿದೆ ಅಂದುಕೊಂಡು ಆಚೆ ತಳ್ಳುತ್ತೆ.

ಇದೆಲ್ಲ ನನಗೆ ಗೊತ್ತಿತ್ತು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಡಿಸ್ಕುಗಳು ಎಸ್‌ಎಂಆರ್ ಅಂತ ಒಪ್ಪಿಕೊಂಡಾಗ ಆಫೀಸಿನಲ್ಲಿ ಎಲ್ಲರಿಗೂ ಪಾಠ ಹೇಳಿದ್ದವನು ನಾನೇ.

ಅಂಗಡಿಗೇ ಹೋದೆ. ಕೊಟೇಶನ್ ಮುಂದಿಟ್ಟೆ. ಮಾಲೀಕರು ಅದನ್ನು ನೋಡಲೇ ಇಲ್ಲ. "ಕೊಟೇಶನ್ ಬಿಡಿ ಸಾರ್, ಬಿಲ್ ನೋಡಿ." ಬಿಲ್‌ನಲ್ಲಿ ಇದ್ದದ್ದು "ಎಚ್‌ಡಿಡಿ 4 ಟಿಬಿ, 4 ನಂಬರ್", ಅಷ್ಟೇ. ರೇಟು ಮಾತ್ರ ಅದೇ 14,500. "4 ಟಿಬಿ ಕೇಳಿದ್ರಿ, 4 ಟಿಬಿ ಕೊಟ್ಟಿದೀವಿ. ಡಿಸ್ಕಲ್ಲಿ ಮೇಲ್‌ಗೆ ಬೇರೆ, ಸಿನಿಮಾಗೆ ಬೇರೆ ಅಂತ ಇದೆಯಾ ಸಾರ್?" ನಾನು ಜೋರು ಮಾಡಿದ ಮೇಲೆ, "ಆ ಮಾಡೆಲ್ ಸ್ಟಾಕ್ ಇರಲಿಲ್ಲ. ದಸರಾ ಅರ್ಜೆಂಟ್ ಅಂತ ನೀವೇ ತಾನೇ ಕುತ್ತಿಗೆ ಮೇಲೆ ಕೂತಿದ್ದು?" ಒಂದು ಮಾತು ಫೋನಿನಲ್ಲಿ ಹೇಳಬಹುದಿತ್ತಲ್ಲ ಅಂದೆ. "ಹೇಳಿದ್ವಿ ಸಾರ್, ನಿಮಗೆ ನೆನಪಿಲ್ಲ." ಯಾರೂ ಹೇಳಿಲ್ಲ. ಯಾರೂ ಹೇಳಿಲ್ಲ ಅಂತ ಎಲ್ಲಿ ಬೇಕಾದರೂ ಹೇಳ್ತೀನಿ. ಆಮೇಲೆ ಅವರೇ, "ಬೇಕಾದ್ರೆ ವಾಪಸ್ ತಗೋತೀನಿ, ಯೂಸ್ ಆಗಿರೋ ಮಾಲು, ಒಂದಕ್ಕೆ 2,500."

ವಕೀಲರನ್ನು ಕೇಳಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡಿದ್ದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಗ್ರಾಹಕರ ಲೆಕ್ಕಕ್ಕೆ ಬರಲ್ಲವಂತೆ, ಸಿವಿಲ್ ದಾವೆ ಹಾಕಬೇಕಂತೆ. ನಾಲ್ಕು ಡಿಸ್ಕನ್ನೂ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದೀನಿ.

ಬ್ಯಾಕಪ್ ಮುಗಿದಿದ್ದು ಕ್ರ್ಯಾಶ್‌ಗೆ ಮೂರು ದಿನ ಮೊದಲು. ಆ ಮೂರು ದಿನದ ಮೇಲ್ ಹೋಯ್ತು. ಪರ್ಚೇಸ್ ವಿಭಾಗದ ಒಬ್ಬ ಮೇಡಂ ಒಂದೊಂದು ಸಪ್ಲೈಯರ್‌ಗೂ ಫೋನ್ ಮಾಡಿ "ಆರ್ಡರ್ ಇನ್ನೊಂದು ಸಲ ಕಳಿಸಿ" ಅಂತ ಕೇಳ್ತಾ ಇದ್ದರು, ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಾ ಇದ್ದೆ.

ಡಬ್ಬ ನಿಮ್ಮ ಎದುರೇ ಬಿಚ್ಚಿಸಿ. ಕೊಟೇಶನ್, ಬಿಲ್ ಎರಡರಲ್ಲೂ ಪೂರ್ತಿ ಮಾಡೆಲ್ ನಂಬರ್ ಬರೆಸಿ, ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಕೂರದ ಡಿಸ್ಕ್) ಹೌದಾ ಅಂತ ಕಂಪನಿಯ ಡೇಟಾಶೀಟ್‌ನಲ್ಲಿ ನೋಡಿ. ದೊಡ್ಡ ಫೈಲ್ ಕಾಪಿ ನೋಡಿ ಮರುಳಾಗಬೇಡಿ, ಸಣ್ಣ ಬರಹದ ಪರೀಕ್ಷೆಯನ್ನು ಎಫ್‌ಐಓ ಅನ್ನೋ ಡಿಸ್ಕ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿ. ಮೇಲ್‌ಗೆ ರೇಡ್ 10 (ಒಂದೇ ಡೇಟಾ ಎರಡೆರಡು ಡಿಸ್ಕಿನಲ್ಲಿ ಇರೋ ಜೋಡಣೆ) ಮಾಡಿ, ಜಾಗ ಕಮ್ಮಿ ಆದರೆ ಆಗಲಿ. ಇಂಡೆಕ್ಸ್‌ಗೂ (ಮೇಲ್ ಹುಡುಕೋ ಪಟ್ಟಿ) ಕ್ಯೂಗೂ ಎರಡು ಎಸ್‌ಎಸ್‌ಡಿ ಮಿರರ್ (ಎರಡರಲ್ಲೂ ಒಂದೇ ಡೇಟಾ) ಹಾಕಿ, ಕರೆಂಟ್ ಹೋದರೂ ಬರೀತಿರೋ ಡೇಟಾ ಉಳಿಸೋ ಕೆಪಾಸಿಟರ್ ಇರೋವಂಥವು.

ಮಂಡ್ಯದ ಗೆಳೆಯ ತನ್ನ ಕೊಟೇಶನ್ ಕಳಿಸಿದ್ದ. "ಎಂಟರ್‌ಪ್ರೈಸ್ ಹಾರ್ಡ್ ಡಿಸ್ಕ್ 4 ಟಿಬಿ, 4 ನಂಬರ್." ಮಾಡೆಲ್ ನಂಬರ್ ಇಲ್ಲ. ಬರೆದುಕೊಡಿ ಅಂತ ಅವನು ಕೇಳಿ ನಾಲ್ಕು ದಿನ ಆಯ್ತು, ಮೆಸೇಜ್ ನೋಡಿದಾರೆ, ಉತ್ತರ ಬಂದಿಲ್ಲ.