ಅಲರ್ ನಿಘಂಟು: 'ಒಳ್ಳೆಯ ಬೆಲ್ಲ' ಅಂತ ಬರೆಯೋದು ಬಿಟ್ಟು 4 ವರ್ಷ

ಮಂಡ್ಯದಲ್ಲಿ ನಮ್ಮದು ಸಣ್ಣ ಬೆಲ್ಲದ ವ್ಯಾಪಾರ. ಪರಿಚಯದ ಆಲೆಮನೆಯಿಂದ ತಂದು, ಪೊಟ್ಟಣ ಕಟ್ಟಿ, ಮೈಸೂರು ಬೆಂಗಳೂರಿನ ಮನೆಗಳಿಗೆ ಕಳಿಸುತ್ತೇವೆ. ಪೊಟ್ಟಣದ ಮೇಲಿನ ಚೀಟಿ, ವಾಟ್ಸಾಪಿಗೆ ಹಾಕುವ ನಾಲ್ಕು ಸಾಲು, ಇವೆರಡನ್ನೂ ಬರೆಯೋದು ನನ್ನ ಕೆಲಸ. ಅದಕ್ಕಾಗಿ 4 ವರ್ಷದಿಂದ ಅಲರ್ ಬಳಸುತ್ತಿದ್ದೇನೆ.

ಶುರುವಾಗಿದ್ದು ಒಂದು ಸಂಕ್ರಾಂತಿಯಲ್ಲಿ. ಆಗ ಎಲ್ಲ ಚೀಟಿಗೂ 'ಒಳ್ಳೆಯ ಬೆಲ್ಲ' ಅಂತಲೇ ಬರೆಯುತ್ತಿದ್ದೆ. ಮೈಸೂರಿನ ಒಬ್ಬರು ಎಳ್ಳು-ಬೆಲ್ಲಕ್ಕೆ ಅಂತ 5 ಕೆಜಿ ತರಿಸಿಕೊಂಡರು. ಅಡಕತ್ತರಿ ಇಟ್ಟರೆ ಬೆಲ್ಲ ತುಂಡಾಗಲಿಲ್ಲ, ಅಮುಕಿಕೊಂಡಿತು. "ಅಕ್ಕಾ, ಒಳ್ಳೆ ಬೆಲ್ಲ ಅಂದ್ರಲ್ಲ, ಇದು ಹೋಳಿಗೆಗೆ ಸರಿ, ಎಳ್ಳಿಗೆ ಬೆರೆಸೋಕೆ ಆಗಲ್ಲ" ಅಂದರು. ಬೆಲ್ಲದಲ್ಲಿ ಏನೂ ತಪ್ಪಿರಲಿಲ್ಲ. ಹೂರಣಕ್ಕೆ ಅದಕ್ಕಿಂತ ಬೇರೆ ಬೇಡ. ನಾನು ಬರೆದ ಮಾತು ಸಾಲದಾಗಿತ್ತು. ಹಬ್ಬಕ್ಕೆ ಎರಡು ದಿನ ಇರುವಾಗ ಅವರು ಮತ್ತೆ ಬೆಲ್ಲ ಹುಡುಕಿಕೊಂಡು ಹೋಗಬೇಕಾಯಿತು. ಅದು ಇವತ್ತಿಗೂ ನನಗೆ ಬೇಜಾರು.

ಮೊದಲು ಫೋನಿನಲ್ಲಿದ್ದ ಒಂದು ಅನುವಾದದ ಆಪ್ ನೋಡಿದೆ. ಏನು ಕೇಳಿದರೂ ಸುತ್ತಿ ಬಳಸಿ 'ಉತ್ತಮ' ಅಂತಲೇ ಕೊಡುತ್ತಿತ್ತು. ಆಮೇಲೆ ಸಿಕ್ಕಿದ್ದು ಅಲರ್. ಹೆಸರಿನ ಅರ್ಥ ಹೂವು. ವಿ. ಕೃಷ್ಣ ಅವರು 40 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಅಂತರ್ಜಾಲಕ್ಕೆ ಬಂತು. ಸುಮಾರು ಒಂದೂವರೆ ಲಕ್ಷ ಪದಗಳಿವೆ. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಆಗಬೇಕಿಲ್ಲ. ಒಬ್ಬ ಮನುಷ್ಯನ ಅಷ್ಟು ವರ್ಷದ ದುಡಿಮೆ ಹೀಗೆ ಎಲ್ಲರ ಕೈಗೂ ಸಿಗುತ್ತಿದೆ ಅಂದರೆ ಅದು ದೊಡ್ಡ ವಿಷಯ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ಒಳ್ಳೆಯ' ಅಂತ ಹಾಕಿದರೆ ಅದರ ಬದಲಿಗೆ ಬರೆಯಬಹುದಾದ ಕನ್ನಡ ಪದಗಳ ಪಟ್ಟಿ ಬರುತ್ತದೆ ಅಂದುಕೊಂಡು ಹೋಗಬೇಡಿ. ಪದ ನಾವೇ ತರಬೇಕು, ಅಲರ್ ಅದನ್ನು ತೂಗಿ ಕೊಡುತ್ತದೆ. ನಾನು ಬೆಲ್ಲ ಮುರಿದು, ಬಾಯಿಗೆ ಹಾಕಿ, ತೋಚಿದ ಮಾತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚುತ್ತೇನೆ. ಆಮೇಲೆ ಒಂದೊಂದನ್ನೇ ಹುಡುಕುತ್ತೇನೆ. ಪ್ರತಿ ಪದಕ್ಕೂ ಅರ್ಥಗಳು ಬೇರೆ ಬೇರೆಯಾಗಿ ಬಿಡಿಸಿಟ್ಟಿರುತ್ತವೆ. ಕೆಲಸಕ್ಕೆ ಬರೋದು ಅದೇ.

'ಗಟ್ಟಿ'ಯನ್ನೇ ನೋಡಿ. ಗಟ್ಟಿ ಹಾಲು ಅಂದರೆ ನೀರು ಬೆರೆಸದ್ದು. ಗಟ್ಟಿ ದನಿ ಅಂದರೆ ಜೋರು. ಗಟ್ಟಿ ಬಟ್ಟೆ ಅಂದರೆ ಬಾಳಿಕೆ ಬರೋದು. ಇಷ್ಟು ಅರ್ಥ ಹೊತ್ತ ಪದವನ್ನು ಸುಮ್ನೆ ಬೆಲ್ಲದ ಮುಂದಿಟ್ಟರೆ ಓದುವವರು ಯಾವುದನ್ನು ಹಿಡಿಯಬೇಕು? 'ಗಡುಸು' ಇಡೋಣ ಅಂದರೆ ಅದರಲ್ಲಿ ಒರಟುತನ ಇದೆ. ಕೊನೆಗೆ 'ಗಟ್ಟಿ ಬೆಲ್ಲ. ಅಡಕತ್ತರಿ ಇಟ್ಟರೆ ಪುಡಿಯಾಗದೆ ತುಂಡಾಗುತ್ತೆ' ಅಂತ ಬರೆದೆ. ಗುಣವಾಚಕದಿಂದ ಆಗದ ಕೆಲಸ ಎಷ್ಟೋ ಸಲ ಕ್ರಿಯಾಪದದಿಂದ ಆಗುತ್ತದೆ.

ಹೂರಣದ ಬೆಲ್ಲಕ್ಕೆ 'ನಯ', 'ನುಣುಪು', 'ಮೆದು' ಮೂರನ್ನೂ ತೂಗಿದೆ. ನುಣುಪು ಮೇಲ್ಮೈಗೆ ಸೇರಿದ್ದು, ಬೆರಳಾಡಿಸಿದರೆ ತಿಳಿಯೋದು. ನಯ ಅಂದರೆ ಮಾತಿನ ನಯವೂ ಆಯಿತು. ಒತ್ತಿದರೆ ಬಾಗೋದು ಮೆದು. ಹಾಗಾಗಿ 'ಮೆದು ಬೆಲ್ಲ' ಉಳಿಯಿತು. 'ಎಳೆ'ಯಲ್ಲಿ ಇನ್ನೊಂದು ತೊಡಕು. ಎಳೆ ಸೌತೆಕಾಯಿಯ ಎಳೆ ಬೇರೆ, ಒಂದೆಳೆ ಪಾಕದ ಎಳೆ ಬೇರೆ. ಎರಡನೆಯದು ನೂಲು. 'ಎಳೆ ಪಾಕ' ಅಂತ ಬರೆದರೆ ಕೆಲವರು ಇನ್ನೂ ಹದಕ್ಕೆ ಬರದ ಪಾಕ ಅಂದುಕೊಳ್ಳುತ್ತಾರೆ. ಈಗ ಎಣಿಕೆ ಸೇರಿಸಿ 'ಒಂದೆಳೆ' ಅಂತಲೇ ಬರೆಯುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ 'ಒಳ್ಳೆ ಬಣ್ಣ'ದಲ್ಲಿ. ಕೆಲವರಿಗೆ ಅದು ತಿಳಿ ಹಳದಿ, ಕೆಲವರಿಗೆ ಕಪ್ಪುಗಂದು. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುವವರಿದ್ದಾರೆ. ನಾವು ತರುವ ಕಡೆ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆ ತೆಗೆಯುತ್ತಾರೆ. ಹಾಗೆ ಮಾಡಿದ ಬೆಲ್ಲ ಸ್ವಲ್ಪ ಕಪ್ಪೇ. ಅದನ್ನು 'ಒಳ್ಳೆ ಬಣ್ಣ' ಅಂತ ಮುಚ್ಚಿಡದೆ 'ಕಂದು ಬೆಲ್ಲ' ಅಂತ ನೇರವಾಗಿ ಬರೆದ ಮೇಲೆ "ಯಾಕೆ ಕಪ್ಪಗಿದೆ?" ಅನ್ನೋ ಫೋನು ನಿಂತೇಹೋಯಿತು.

ಗೊತ್ತಿರಬೇಕಾದ ಎರಡು ವಿಷಯ. ಅರ್ಥ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಅತ್ತೆಗೆ ನಾನು ಓದಿ ಹೇಳಬೇಕು. ಇನ್ನೊಂದು, ಹಳಗನ್ನಡದ ಪದವೂ ಇವತ್ತಿನ ಮಾತೂ ಒಂದೇ ಮನೆಯಲ್ಲಿವೆ. ಸಿಕ್ಕಿದ್ದನ್ನೆಲ್ಲ ಚೀಟಿಗೆ ಇಳಿಸಿದರೆ ಜನಕ್ಕೆ ಅರ್ಥವಾಗಲ್ಲ. ಅದಕ್ಕೇ ಬರೆದದ್ದನ್ನು ಅತ್ತೆಗೆ ಓದಿ ತೋರಿಸುತ್ತೇನೆ. ಅವರು ಹುಬ್ಬು ಗಂಟಿಕ್ಕಿದರೆ ಆ ಪದ ಬಿಟ್ಟೆ. ಕುರಿಕಾಲಚ್ಚು, ಬಕೆಟ್ ಬೆಲ್ಲ ಅಂತ ಅಚ್ಚಿನ ಆಕಾರದಿಂದ ಬಂದ ಹೆಸರುಗಳಿಗೆ ಆಲೆಮನೆಯ ಅಣ್ಣನನ್ನೇ ಕೇಳುತ್ತೇನೆ.

ಕನ್ನಡದಲ್ಲೇ ಅರ್ಥ ಬೇಕು, ಹಳೆಯ ಬಳಕೆಯೂ ಬೇಕು ಅನ್ನುವವರು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ನೋಡಬೇಕು. ಅದರ ಹಿಂದೆ ನಮ್ಮ ಮಂಡ್ಯ ಜಿಲ್ಲೆಯವರೇ ಆದ ಜಿ. ವೆಂಕಟಸುಬ್ಬಯ್ಯನವರ ದುಡಿಮೆ ಇದೆ. ಆದರೆ ಪೊಟ್ಟಣ ಕಟ್ಟುತ್ತಾ ಒಂದು ಕೈಯಲ್ಲಿ ಹುಡುಕೋಕೆ ನನಗೆ ಅಲರೇ ಸರಿ. 5ಕ್ಕೆ 5 ಕೊಡುತ್ತೇನೆ. ಆ ಮೈಸೂರಿನವರು ಈ ಸಂಕ್ರಾಂತಿಗೂ ತರಿಸಿಕೊಂಡರು: ಎಳ್ಳಿಗೆ 3 ಕೆಜಿ ಗಟ್ಟಿ ಬೆಲ್ಲ, ಹೋಳಿಗೆಗೆ 2 ಕೆಜಿ ಮೆದು.